ಸಹಜ ಹೆರಿಗೆಗೆ ಆಸ್ಪತ್ರೆ ಆರಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗ ಸೀಮೆಯ ಗರ್ಭಿಣಿಯರಿಗೆ

"ದಾವಣಗೆರೆಯಲ್ಲಿ ನಾರ್ಮಲ್ ಮಾಡಿಸುವ ಆಸ್ಪತ್ರೆ ಯಾವುದು, ಹೆಸರು ಹೇಳಿಬಿಡಿ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಚಿತ್ರದುರ್ಗದವರು ಊರಿನ ಹೆಸರು ಬದಲಿಸಿ ಇದನ್ನೇ ಕೇಳುತ್ತಾರೆ. ಕೇಳುವವರಲ್ಲಿ ಬಹಳಷ್ಟು ಮಂದಿ ಒಂಬತ್ತು ತುಂಬಿದವರು, ಇಲ್ಲವೇ ಅಂಥವರ ತಾಯಂದಿರು.

ನಾನು ಹೆಸರು ಹೇಳುವುದಿಲ್ಲ. ಒಂದೇ ಆಸ್ಪತ್ರೆಯ ಹಗಲು ಪಾಳಿಗೂ ರಾತ್ರಿ ಪಾಳಿಗೂ ಅಜಗಜಾಂತರವಿರುತ್ತದೆ. ನಿಮ್ಮ ಅತ್ತಿಗೆಗೆ ಚೆನ್ನಾಗಿ ಹೆರಿಗೆ ಮಾಡಿಸಿದ ವೈದ್ಯೆ ಈಗ ಅಲ್ಲಿ ಇಲ್ಲದಿರಬಹುದು. ನಿಮ್ಮ ರಕ್ತದೊತ್ತಡ ನಿಮ್ಮ ಅತ್ತಿಗೆಯದರಂತೆ ಇರಬೇಕೆಂದೂ ಇಲ್ಲ. ಫಲಕದ ಮೇಲೆ 'ನೈಸರ್ಗಿಕ ಹೆರಿಗೆ' ಎಂದು ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ಒಳಗೆ, ಲೇಬರ್ ರೂಮಿನಲ್ಲಿ, ರಾತ್ರಿ ಎರಡು ಗಂಟೆಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವ ದಾರಿಯನ್ನಷ್ಟೇ ನಾನು ಹೇಳಬಲ್ಲೆ. ನಾನು ವೈದ್ಯೆಯಲ್ಲ. ನಿಮ್ಮ ದೇಹದ ಬಗ್ಗೆ ಕೊನೆಯ ಮಾತು ನಿಮ್ಮನ್ನು ಪರೀಕ್ಷಿಸಿದವರದು.

ಮೊದಲು ಪದದ ಗೊಂದಲ ತೀರಿಸಿಕೊಳ್ಳೋಣ. ನಮ್ಮ ಕಡೆ 'ನಾರ್ಮಲ್' ಎಂದರೆ ಹೊಟ್ಟೆ ಕೊಯ್ಯದ ಹೆರಿಗೆ, ಅಷ್ಟೇ. ಕೈಗೆ ಡ್ರಿಪ್ ಚುಚ್ಚಿ ನೋವು ಬರಿಸಿ, ಅಂಗಾತ ಮಲಗಿಸಿ, ಹೊಟ್ಟೆ ಒತ್ತಿ, ಕೆಳಗೆ ಕೊಯ್ದು ಹೊಲಿಗೆ ಹಾಕಿದರೂ ಅದು ಲೆಕ್ಕದಲ್ಲಿ ನಾರ್ಮಲ್ಲೇ. ಈ ಲೇಖನದಲ್ಲಿ ಸಹಜ ಹೆರಿಗೆ ಎಂದರೆ ಬೇರೆ: ನೋವು ತಾನಾಗಿ ಶುರುವಾಗುವುದು, ತಾಯಿ ಓಡಾಡಿಕೊಂಡು ನೀರು ಗಂಜಿ ಕುಡಿದುಕೊಂಡು ನೋವು ತಡೆಯುವುದು, ಜೊತೆಗೆ ತನ್ನವರೊಬ್ಬರು ಇರುವುದು, ಕಾರಣವಿಲ್ಲದೆ ಔಷಧಿಯೂ ಕತ್ತರಿಯೂ ಹತ್ತಿರ ಬಾರದಿರುವುದು, ಹುಟ್ಟಿದ ಮಗು ನೇರವಾಗಿ ತಾಯಿಯ ಎದೆಯ ಮೇಲೆ ಬರುವುದು. ಇದು ಯಾರದೋ ಹುಚ್ಚು ಕಲ್ಪನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಹೆರಿಗೆ ಆರೈಕೆಯ 56 ಶಿಫಾರಸುಗಳಲ್ಲಿ ಇವೆಲ್ಲ ಬರುತ್ತವೆ. ಮನೆಯಲ್ಲೇ ಹೆರುವುದು ಇದರ ಅರ್ಥವಲ್ಲ. ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮನೆ ಹೆರಿಗೆಗೆ ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬೇಡ. ಹೆರಿಗೆಯ ನಂತರದ ರಕ್ತಸ್ರಾವ ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ಬೇಕಾದ ಸಾಮಾನು ಕಡಿಮೆ: ತಾಯಿ ಕಾರ್ಡ್, ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ವರದಿಗಳು, ಒಂದು ನೋಟ್‌ಬುಕ್, ಎರಡು ಮೂರು ಅರ್ಧ ದಿನಗಳ ಬಿಡುವು, ಜೊತೆಗೊಬ್ಬರು. ಕೆಲಸ ಶುರು ಮಾಡಬೇಕಾದದ್ದು ಆರು ತುಂಬಿ ಏಳಕ್ಕೆ ಬೀಳುವಾಗ. ಒಂಬತ್ತರಲ್ಲಿ ಹೊಸ ಆಸ್ಪತ್ರೆಗೆ ಹೋದರೆ ಅವರು ನಿಮ್ಮನ್ನು ಅರಿಯರು, ನೀವೂ ಅವರನ್ನು ಅರಿಯುವುದಿಲ್ಲ.

1. ನಿಮ್ಮ ಬಸಿರು ಯಾವ ಸಾಲಿನದು ಎಂದು ತಿಳಿಯಿರಿ

ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ನೇರವಾಗಿ ಕೇಳಿ: "ನನ್ನದು ಕಡಿಮೆ ಅಪಾಯದ ಗರ್ಭವೇ, ಹೆಚ್ಚು ಅಪಾಯದ್ದೇ? ಹೆಚ್ಚಾದರೆ ಕಾರಣವೇನು?" ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ರಕ್ತದೊತ್ತಡ, ಸಕ್ಕರೆ, ಅವಳಿ ಮಕ್ಕಳು, ಕೊನೆಯ ವಾರಗಳಲ್ಲೂ ತಿರುಗದೆ ಕುಳಿತ ಮಗು, ಕೆಳಗೆ ಅಂಟಿಕೊಂಡ ಮಾಸು (ಗರ್ಭಕೋಶದ ಬಾಯಿಗೆ ಅಡ್ಡ ಕೂತ ಕಸ), ಹೃದಯದ ತೊಂದರೆ, ತೀವ್ರ ರಕ್ತಹೀನತೆ, ಹಿಂದಿನ ಸಿಸೇರಿಯನ್: ಇವುಗಳಲ್ಲಿ ಒಂದಿದ್ದರೂ ಆಪರೇಷನ್ ಥಿಯೇಟರ್ ಮತ್ತು ರಕ್ತದ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಸಹಜ ಹೆರಿಗೆಯ ಆಸೆ ಬಿಡಬೇಕೆಂದಲ್ಲ. ಆದರೆ ಸ್ಥಳದ ವಿಷಯದಲ್ಲಿ ಚೌಕಾಸಿ ಬೇಡ.

ಹಿಂದಿನದು ಸಿಸೇರಿಯನ್ ಆದವರು ವಿಶೇಷವಾಗಿ ಗಮನಿಸಿ. 'ಒಮ್ಮೆ ಆಪರೇಷನ್ ಆದರೆ ಮುಂದಿನದೂ ಆಪರೇಷನ್ನೇ' ಎಂಬುದು ನಿಯಮವಲ್ಲ. ತಕ್ಕ ಸಂದರ್ಭ ನೋಡಿ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ಸಾಮಾನ್ಯವಾಗಿ ಯೋನಿಯ ಮೂಲಕವೇ ಹೆರಿಗೆಯಾಗುತ್ತದೆ. ಆದರೆ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಇನ್ನೂರರಲ್ಲಿ ಒಬ್ಬರಿಗೆ ಎಂಬಷ್ಟು ಇದೆ. ಹಾಗಾಗಿ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ ತೆಗೆಯಿರಿ. ಗರ್ಭಕೋಶವನ್ನು ಅಡ್ಡಲಾಗಿ ಕೊಯ್ದಿದ್ದರೇ, ಉದ್ದಕ್ಕೇ ಎಂಬುದು ಅದರಲ್ಲಿ ಇರಬೇಕು. ಹೊರಗಿನ ಚರ್ಮದ ಗಾಯ ನೋಡಿ ಇದನ್ನು ಹೇಳಲಾಗುವುದಿಲ್ಲ.

ಹಿಮೋಗ್ಲೋಬಿನ್ ಬಗ್ಗೆ ಒಂದು ಮಾತು. 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ಆರನೇ ತಿಂಗಳಿನಲ್ಲಿ 9 ಇದ್ದರೆ ಏರಿಸಿಕೊಳ್ಳಲು ಇನ್ನೂ ಸಮಯವಿದೆ; ಒಂಬತ್ತರಲ್ಲಿ ಇಲ್ಲ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಚಹಾ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಸಂಜೆಯ ಮಂಡಕ್ಕಿ ಮಿರ್ಚಿ ಮತ್ತು ಚಹಾ ಬಿಡಲಾಗದವರು ಮಾತ್ರೆಯನ್ನು ರಾತ್ರಿಗೆ ದೂಡಿ. 'ಮಗು ದೊಡ್ಡದಾದರೆ ಹೆರಿಗೆ ಕಷ್ಟ' ಎಂದು ಊಟ ಕಡಿಮೆ ಮಾಡಿಸುವ ಹಿರಿಯರು ಇನ್ನೂ ಇದ್ದಾರೆ. ಅವರ ಮಾತನ್ನು ಈ ಒಂದು ವಿಷಯದಲ್ಲಿ ಮೀರಿ.

2. ಊರು ಯಾವುದು ಎಂಬುದನ್ನು ಕುಬುಸಕ್ಕೆ ಮೊದಲೇ ತೀರ್ಮಾನಿಸಿ

ಎಲ್ಲ ಮಾರ್ಗದರ್ಶಿಗಳೂ ಮರೆಯುವ ಹಂತ ಇದು. ನೀವು ಇರುವುದು ದಾವಣಗೆರೆಯ ವಿನೋಬನಗರದಲ್ಲಿ, ತಪಾಸಣೆ ನಡೆದಿರುವುದು ಅಲ್ಲಿಯೇ. ಏಳರಲ್ಲಿ ಕುಬುಸ ಮಾಡಿ ತವರಿನವರು ಜಗಳೂರಿಗೋ ಮೊಳಕಾಲ್ಮುರಿಗೋ ಕರೆದೊಯ್ಯುತ್ತಾರೆ. ಏಳು ತಿಂಗಳು ನಿಮ್ಮನ್ನು ನೋಡಿದ ವೈದ್ಯೆ ಒಂದು ಊರಿನಲ್ಲಿ, ಹೆರಿಗೆ ಇನ್ನೊಂದು ಊರಿನಲ್ಲಿ. ಹೊಸ ಆಸ್ಪತ್ರೆಯವರ ಕೈಗೆ ಸಿಗುವುದು ಅರ್ಧ ತುಂಬಿದ ಕಾರ್ಡ್ ಮಾತ್ರ. ಎಚ್ಚರ ಹೆಚ್ಚಿದ ವೈದ್ಯರು 'ಯಾಕೆ ಅಪಾಯ' ಎಂದು ಆಪರೇಷನ್ ಕಡೆಗೆ ವಾಲಿದರೆ ಅವರನ್ನು ಬೈದು ಪ್ರಯೋಜನವಿಲ್ಲ.

ಎರಡು ದಾರಿಗಳಿವೆ. ಹೆರಿಗೆಯನ್ನು ಗಂಡನ ಊರಿನಲ್ಲೇ ಮಾಡಿಸಿಕೊಂಡು ಬಾಣಂತನಕ್ಕೆ ತವರಿಗೆ ಹೋಗುವುದು ಒಂದು. ತವರಿನ ಹತ್ತಿರದ ಆಸ್ಪತ್ರೆಯನ್ನು ಆರನೇ ತಿಂಗಳಿನಲ್ಲೇ ಆರಿಸಿ, ಕನಿಷ್ಠ ಎರಡು ಮೂರು ತಪಾಸಣೆಗಳನ್ನು ಅಲ್ಲಿ ಮಾಡಿಸಿಕೊಳ್ಳುವುದು ಇನ್ನೊಂದು. ಎರಡನೆಯದಾದರೆ ಅಲ್ಲಿನ ಆಶಾ ಕಾರ್ಯಕರ್ತೆಗೂ ನಿಮ್ಮ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ.

ಜಿಲ್ಲೆಯ ಗಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೊಳಕಾಲ್ಮುರಿನವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ. ಹರಿಹರದವರಿಗೆ ದಾವಣಗೆರೆ ಪಕ್ಕದ ಓಣಿ ಇದ್ದಂತೆ. ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ನೋವು ತಿನ್ನುವ ಹೆಂಗಸಿಗೆ ಅದು ಕಿಲೋಮೀಟರ್ ಲೆಕ್ಕದ್ದಲ್ಲ, ಉಬ್ಬುಗಳ ಲೆಕ್ಕದ್ದು. ಮನೆಯಿಂದ ಆಸ್ಪತ್ರೆಗೆ ರಾತ್ರಿ ಹೊತ್ತು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಒಮ್ಮೆ ಹೋಗಿಯೇ ನೋಡಿ ಬರೆದಿಟ್ಟುಕೊಳ್ಳಿ.

3. ಯಾವ ಬಾಗಿಲಿನ ಹಿಂದೆ ಏನಿದೆ

ಮಹಾನಗರಗಳಲ್ಲಿ ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರಗಳ ಬಗ್ಗೆ ನೀವು ಓದಿರುತ್ತೀರಿ. ಮಿಡ್‌ವೈಫ್ ಎಂದರೆ ಸಹಜ ಹೆರಿಗೆಯಲ್ಲೇ ವಿಶೇಷ ತರಬೇತಿ ಪಡೆದ ದಾದಿ. ಸೂಲಗಿತ್ತಿಯ ತಾಳ್ಮೆಗೆ ಓದು ಮತ್ತು ಸಲಕರಣೆ ಸೇರಿದಂತೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಇವರಿಗೆ 18 ತಿಂಗಳ ತರಬೇತಿ. ದೊಡ್ಡ ಆಸ್ಪತ್ರೆಯ ಆವರಣದಲ್ಲೇ ಇವರ ಘಟಕವಿರಬೇಕು, ತೊಡಕಾದರೆ ಥಿಯೇಟರ್ ಅಲ್ಲೇ ಸಿಗಬೇಕು ಎಂಬುದು ಅದರ ಆಶಯ. 'ನಿಮ್ಮಲ್ಲಿ ಮಿಡ್‌ವೈಫ್ ಘಟಕವಿದೆಯೇ' ಎಂದು ನಮ್ಮ ಊರುಗಳಲ್ಲೂ ಕೇಳಿ. ಇಲ್ಲವೆಂದರೆ ಅಲ್ಲಿಗೇ ನಿಲ್ಲಬೇಡಿ. ನಿಮಗೆ ಬೇಕಾದದ್ದು ಅವರ ಪದ್ಧತಿ, ಹೆಸರಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಪ್ಪತ್ನಾಲ್ಕು ಗಂಟೆ ತೆರೆದಿರುವಂಥವು ತೊಡಕಿಲ್ಲದ ಹೆರಿಗೆಗೆ ಆಗುತ್ತವೆ, ಆಪರೇಷನ್ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಈಗ ಇದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಮೂವರಲ್ಲಿ ಒಬ್ಬರಿಲ್ಲದಿದ್ದರೂ ರಾತ್ರಿ ಹೊತ್ತು ಬೇರೆಡೆಗೆ ಕಳುಹಿಸುತ್ತಾರೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಬಾಪೂಜಿ, ಎಸ್.ಎಸ್., ಬಸವೇಶ್ವರ ಮುಂತಾದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ದೊಡ್ಡವು. ಹಗಲಿರುಳು ವೈದ್ಯರು ಇರುತ್ತಾರೆ ಎಂಬುದು ಇಂಥ ಆಸ್ಪತ್ರೆಗಳ ಬಲ. ಜನಸಂದಣಿ, ಮತ್ತು ಕಲಿಯುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಒಳಪರೀಕ್ಷೆಗೆ ಬರಬಹುದಾದದ್ದು ತೊಂದರೆಯ ಬದಿ. 'ಒಬ್ಬರೇ ನೋಡಲಿ' ಎನ್ನುವ ಹಕ್ಕು ನಿಮಗಿದೆ. ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ನೀವು ಬಲ್ಲ ವೈದ್ಯೆಯೇ ಸಿಗುತ್ತಾರೆ, ಆದರೆ ಒಬ್ಬರೇ ವೈದ್ಯೆ ಹಗಲು ಹೊರರೋಗಿಗಳನ್ನು ನೋಡಿ, ರಾತ್ರಿಯಿಡೀ ನಿಮ್ಮ ನೋವಿಗೂ ಕಾಯಬೇಕು. ಕಾಯುವುದಕ್ಕೆ ಆಳುಬಲ ಬೇಕು. ಸಂಜೆ ಏಳಕ್ಕೆ 'ಇನ್ನು ಕಾಯುವುದು ಬೇಡ' ಎಂಬ ಮಾತು ಬರುವುದಕ್ಕೆ ಎಲ್ಲ ಸಲವೂ ಲೋಭವೇ ಕಾರಣವಲ್ಲ, ಕೆಲವು ಸಲ ಬರೀ ಆಯಾಸ.

ಲೆಕ್ಕಕ್ಕೆ ಒಂದು ಅಂಕಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4. ಕರ್ನಾಟಕದ ಒಟ್ಟು ಪ್ರಮಾಣ ಶೇ 31.5.

4. ಹೋಗಿ ನೋಡಿ, ಕೇಳಿ

ಪಟ್ಟಿಯನ್ನು ಮೂರಕ್ಕೆ ಇಳಿಸಿ. ಪ್ರತಿಯೊಂದಕ್ಕೂ ಖುದ್ದಾಗಿ ಹೋಗಿ. ಸೋಮವಾರ ಬೆಳಿಗ್ಗೆ ಬೇಡ, ಗದ್ದಲದಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಒಳ್ಳೆಯದು. ವೈದ್ಯರ ಜೊತೆ ಹತ್ತು ನಿಮಿಷ, ಲೇಬರ್ ರೂಮಿನ ಸಿಸ್ಟರ್ ಜೊತೆ ಹತ್ತು ನಿಮಿಷ. ನನ್ನನ್ನು ಕೇಳಿದರೆ ಎರಡನೆಯ ಹತ್ತು ನಿಮಿಷವೇ ಬೆಲೆಯುಳ್ಳದ್ದು. ಪ್ರಶ್ನೆಗಳನ್ನು ತಪಾಸಣೆಯ ಧಾಟಿಯಲ್ಲಿ ಕೇಳಬೇಡಿ. "ಮೊದಲ ಹೆರಿಗೆ, ಭಯವಾಗುತ್ತದೆ ಸಿಸ್ಟರ್, ಇಲ್ಲಿ ಹೇಗೆ ನಡೆಯುತ್ತದೆ ಹೇಳಿ" ಎಂದರೆ ತೆರೆಯುವ ಬಾಯಿ, "ನಿಮ್ಮ ಸಿಸೇರಿಯನ್ ಪ್ರಮಾಣ ಎಷ್ಟು" ಎಂದೊಡನೆ ಮುಚ್ಚಿಕೊಳ್ಳುತ್ತದೆ.

ಕೇಳಲೇಬೇಕಾದವು ಇವು.

ನೋವು ಬಂದಾಗ ಜೊತೆಗೆ ಯಾರನ್ನು ಒಳಗೆ ಬಿಡುತ್ತೀರಿ? ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗಾತಿಯನ್ನು ಬಿಡಲು 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಅನುಮತಿ ಕೊಟ್ಟಿದೆ. ಆದರೂ ಬಾಗಿಲಲ್ಲಿ 'ಹೊರಗೆ ಇರಿ' ಎನ್ನುವುದು ನಿಂತಿಲ್ಲ. ಜೊತೆಗಿರುವವರಿಂದ ಹೆರಿಗೆಯ ಅವಧಿ ಕಡಿಮೆಯಾಗುತ್ತದೆ, ಆಪರೇಷನ್ ಆಗುವ ಸಾಧ್ಯತೆಯೂ ತಗ್ಗುತ್ತದೆ. ಖರ್ಚಿಲ್ಲದ ಔಷಧಿ ಇದು. ಇದೊಂದಕ್ಕೆ 'ಇಲ್ಲವೇ ಇಲ್ಲ' ಎನ್ನುವ ಕಡೆ ಉಳಿದ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ನನಗೆ ಕಾಣುವುದಿಲ್ಲ.

ನೋವು ಶುರುವಾದ ಮೇಲೆ ಓಡಾಡಬಹುದೇ, ಏನಾದರೂ ಕುಡಿಯಬಹುದೇ, ತಿನ್ನಬಹುದೇ? ಹೆರುವ ಹೊತ್ತಿಗೆ ಮಲಗಲೇಬೇಕೇ, ಒಂದು ಮಗ್ಗುಲಾಗಿ ಅಥವಾ ಕುಕ್ಕುರುಗಾಲಿನಲ್ಲಿ ಕೂತು ಹೆರಬಹುದೇ?

ಡ್ರಿಪ್ ಯಾವಾಗ ಹಾಕುತ್ತೀರಿ? ಇಲ್ಲಿ ಡ್ರಿಪ್ ಎಂದರೆ ಆಕ್ಸಿಟೋಸಿನ್, ಅಂದರೆ ನೋವು ಬರಿಸುವ ಔಷಧಿ. ನೋವು ನಿಂತುಹೋದಾಗ ಅದು ಬೇಕಾಗುತ್ತದೆ. ದಾಖಲಾದವರಿಗೆಲ್ಲ ಹಾಕುತ್ತೇವೆ ಎಂದರೆ ಅದು ನಿಮಗೆ ಹಾಕುವ ಔಷಧಿಯಲ್ಲ, ಹಾಸಿಗೆ ಖಾಲಿ ಮಾಡುವ ಔಷಧಿ.

ಕೆಳಗೆ ಕೊಯ್ದು ಹೊಲಿಗೆ ಹಾಕುವುದು ಎಲ್ಲರಿಗೂ ಇದೆಯೇ? ವೈದ್ಯರ ಮಾತಿನಲ್ಲಿ ಇದು ಎಪಿಸಿಯಾಟಮಿ. 'ಮೊದಲ ಹೆರಿಗೆ ಎಂದರೆ ಕೊಯ್ಯಲೇಬೇಕು' ಎಂಬ ಹಳೆಯ ಪಾಠವನ್ನು ಈಗಿನ ಶಿಫಾರಸುಗಳು ಒಪ್ಪುವುದಿಲ್ಲ. ಅಗತ್ಯ ಬಿದ್ದಾಗ ಮಾತ್ರ. ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತುವುದನ್ನೂ, ಎಲ್ಲರಿಗೂ ಎನಿಮಾ ಕೊಡುವುದನ್ನೂ, ಕೂದಲು ಬೋಳಿಸುವುದನ್ನೂ ಹಾಗೆಯೇ ಕೇಳಿ.

ಎಷ್ಟು ಹೊತ್ತು ಕಾಯುತ್ತೀರಿ? ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆದರೆ ಮಗು ಹೊರಬರಲು ದಾರಿ. ಹಿಂದೆ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯದಿದ್ದರೆ 'ಹೆರಿಗೆ ನಿಂತಿದೆ' ಎನ್ನುತ್ತಿದ್ದರು. ಚುರುಕು ಹಂತ ಶುರುವಾಗುವುದೇ 5 ಸೆಂಟಿಮೀಟರಿನಿಂದ, ಅದಕ್ಕೆ ಮುಂಚಿನ ಮಂದಗತಿ ರೋಗವಲ್ಲ, ಮೊದಲ ಹೆರಿಗೆಯಲ್ಲಿ ಅಲ್ಲಿಂದ ಮುಂದೆ 12 ಗಂಟೆಯವರೆಗೂ ಹಿಡಿಯಬಹುದು ಎಂಬುದು ಈಗಿನ ತಿಳಿವಳಿಕೆ. ತಾಯಿ ಮಗು ಚೆನ್ನಾಗಿದ್ದರೆ ಕಾಯುತ್ತೇವೆ ಎನ್ನುವವರು ನಿಮಗೆ ಬೇಕಾದವರು. ಆದರೆ ಕಾಯುವುದೆಂದರೆ ಕೈಬಿಡುವುದಲ್ಲ. ಅದಕ್ಕೇ ಮುಂದಿನ ಪ್ರಶ್ನೆ: ಮಗುವಿನ ಎದೆಬಡಿತವನ್ನು ಎಷ್ಟು ಹೊತ್ತಿಗೊಮ್ಮೆ ಕೇಳುತ್ತೀರಿ? ನೋವಿನ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಎಂಬುದು ಅಳತೆ. 'ಬೆಳಿಗ್ಗೆ ನೋಡುತ್ತೇವೆ, ಸಂಜೆ ನೋಡುತ್ತೇವೆ' ಎನ್ನುವ ಕಡೆ ಸಹಜವೂ ಬೇಡ, ಏನೂ ಬೇಡ.

ತುರ್ತು ಬಂದರೆ ಎಷ್ಟು ನಿಮಿಷದಲ್ಲಿ ಆಪರೇಷನ್ ಶುರುವಾಗುತ್ತದೆ? ಅರಿವಳಿಕೆ ವೈದ್ಯರು ರಾತ್ರಿ ಇಲ್ಲೇ ಇರುತ್ತಾರೆಯೇ, ಕರೆದರೆ ಬರುತ್ತಾರೆಯೇ? ರಕ್ತ ಎಲ್ಲಿಂದ? ನವಜಾತ ಶಿಶುವಿಗೆ ಉಸಿರಾಟದ ತೊಂದರೆಯಾದರೆ ಇಲ್ಲೇ ನೋಡುತ್ತೀರೋ, ಕಳುಹಿಸುತ್ತೀರೋ? ಅರ್ಧ ಗಂಟೆಯ ಆಸುಪಾಸಿನಲ್ಲಿ ಆಪರೇಷನ್ ಶುರುಮಾಡಬಲ್ಲೆವು ಎನ್ನುವವರ ಬಳಿ ನೀವು ನಿಶ್ಚಿಂತೆಯಿಂದ ಕಾಯಬಹುದು.

ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸುತ್ತೀರಾ? ಮಗುವನ್ನು ಎದೆಯ ಮೇಲೆ ಮಲಗಿಸುತ್ತೀರಾ, ಒಂದು ಗಂಟೆಯೊಳಗೆ ಹಾಲೂಡಿಸಲು ಬಿಡುತ್ತೀರಾ? ಹೊಕ್ಕುಳಬಳ್ಳಿ ತಡವಾಗಿ ಕತ್ತರಿಸಿದರೆ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಸೇರುತ್ತದೆ. ರಕ್ತಹೀನತೆ ಹಬ್ಬಿರುವ ನಮ್ಮ ಬಯಲುಸೀಮೆಯಲ್ಲಿ ಇದನ್ನು ಕೇಳದೆ ಬರಬೇಡಿ.

ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ತಾಯಿಗೆ ಕೊಡುವ ಚುಚ್ಚುಮದ್ದನ್ನೂ, ಮಗುವಿಗೆ ಕೊಡುವ ವಿಟಮಿನ್ ಕೆ ಚುಚ್ಚುಮದ್ದು ಮತ್ತು ಹುಟ್ಟಿದಾಗಿನ ಲಸಿಕೆಗಳನ್ನೂ 'ಸಹಜ'ದ ಹೆಸರಿನಲ್ಲಿ ಬೇಡವೆನ್ನಬೇಡಿ. ಬೇಡ ಎನ್ನಬೇಕಾದವುಗಳ ಪಟ್ಟಿ ಬೇರೆ.

5. ಉತ್ತರಗಳನ್ನು ತೂಗಿ

"ನೂರಕ್ಕೆ ನೂರು ನಾರ್ಮಲ್ ಮಾಡಿಸಿಕೊಡುತ್ತೇವೆ" ಎಂದವರಿಂದ ಮೊದಲು ದೂರ ಸರಿಯಿರಿ. ಪ್ರಾಮಾಣಿಕ ವೈದ್ಯರು ಯಾರೂ ಹೀಗೆ ಹೇಳಲಾರರು. ಸಿಸೇರಿಯನ್ ಸಂಖ್ಯೆ ಕೇಳಿದಾಗ ಸಿಟ್ಟಾಗುವವರೂ, "ಅದೆಲ್ಲ ನಿಮಗೇಕೆ, ನಮ್ಮ ಮೇಲೆ ಬಿಡಿ" ಎನ್ನುವವರೂ ಎರಡನೇ ಸಾಲಿಗೆ. ಸಂಖ್ಯೆ ಹೇಳಿದರೂ ಅದನ್ನು ಕಣ್ಣುಮುಚ್ಚಿ ಹೋಲಿಸಬೇಡಿ. ಜಿಲ್ಲಾ ಆಸ್ಪತ್ರೆಗೆ ಸುತ್ತಲಿನ ತಾಲ್ಲೂಕುಗಳಿಂದ ತೊಡಕಿನ ಹೆರಿಗೆಗಳೇ ಬಂದು ಬೀಳುತ್ತವೆ. ಅಲ್ಲಿ ಪ್ರಮಾಣ ಹೆಚ್ಚಿರುವುದು ಸಹಜ. ಕಷ್ಟದವರನ್ನೆಲ್ಲ ಬೇರೆಡೆಗೆ ಸಾಗಹಾಕುವ ಚಿಕ್ಕ ಜಾಗದಲ್ಲಿ ಪ್ರಮಾಣ ಕಡಿಮೆ ಕಂಡರೆ ಅದು ಗುಣವಲ್ಲ. ಪ್ರಶ್ನೆಯನ್ನು ಹೀಗೆ ತಿರುಗಿಸಿ: "ನನ್ನಂತೆ ಮೊದಲ ಹೆರಿಗೆ, ತೊಡಕಿಲ್ಲದವರು ಹತ್ತು ಜನ ಬಂದರೆ ಎಷ್ಟು ಜನರಿಗೆ ಆಪರೇಷನ್ ಆಗುತ್ತದೆ?"

ಕೊನೆಯ ತಿಂಗಳಿನಲ್ಲಿ ಹೆದರಿಸುವ ಮೂರು ಮಾತುಗಳಿಗೆ ಈಗಲೇ ತಯಾರಾಗಿ. 'ಕರುಳು ಸುತ್ತಿಕೊಂಡಿದೆ': ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿರುವುದು ಎಷ್ಟೋ ಹೆರಿಗೆಗಳಲ್ಲಿ ಕಾಣುವಂಥದ್ದು, ಅದೊಂದೇ ಆಪರೇಷನ್ನಿಗೆ ಕಾರಣವಾಗದು. 'ಮಗು ದೊಡ್ಡದು': ಸ್ಕ್ಯಾನಿನ ತೂಕದಲ್ಲಿ ಶೇ 10ರಿಂದ 15ರಷ್ಟು ಏರುಪೇರು ಸಾಮಾನ್ಯ. 'ನೀರು ಕಡಿಮೆ': ಅಳತೆ ಎಷ್ಟೆಂದು ಕೇಳಿ, ವರದಿಯಲ್ಲಿ ಎಎಫ್‌ಐ ಎಂದು ಬರೆದಿರುತ್ತದೆ, 5ಕ್ಕಿಂತ ಕಡಿಮೆಯಾದರೆ ಕಡಿಮೆ ಎನ್ನುತ್ತಾರೆ, ಆಗ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೂರಕ್ಕೂ ಒಂದೇ ಮರುಪ್ರಶ್ನೆ: "ಈಗಲೇ ಆಗಬೇಕೇ, ಕಾದರೆ ಏನಾಗುತ್ತದೆ?" ತುರ್ತಿದ್ದರೆ ವೈದ್ಯರು ಒಂದು ವಾಕ್ಯದಲ್ಲಿ ಹೇಳಿಬಿಡುತ್ತಾರೆ. ಹೇಳಿದರೆ ಹಟ ಹಿಡಿಯಬೇಡಿ.

6. ದುಡ್ಡಿನ ಮಾತು

ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಮನೆಗೆ ಬಿಟ್ಟುಬರುವ ವಾಹನ ಎಲ್ಲವೂ ಉಚಿತ. ಊಟ ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ. 'ಗಂಡು ಮಗು, ಖುಷಿಗೆ ಕೊಡಿ' ಎಂದು ಕೈಚಾಚುವವರಿಗೆ ಕೊಡಬೇಕಾಗಿಲ್ಲ, ಹೆಣ್ಣು ಮಗುವಾದರೂ ಸರಿ.

ಖಾಸಗಿಯಲ್ಲಿ 'ನಾರ್ಮಲ್ ಪ್ಯಾಕೇಜ್' ಎಂದರೆ ಏನೇನು ಸೇರಿದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮಗುವಿನ ವೈದ್ಯರ ಶುಲ್ಕ, ಔಷಧಿ, ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು, ಮಗುವನ್ನು ತೀವ್ರ ನಿಗಾ ಘಟಕದಲ್ಲಿ ಇಟ್ಟರೆ ದಿನದ ಬಾಡಿಗೆ: ಇವು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಸಿಸೇರಿಯನ್ ಆದರೆ ಒಟ್ಟು ಎಷ್ಟು ಎಂದೂ ಈಗಲೇ ಕೇಳಿ. ಆ ದುಡ್ಡನ್ನು ಬೇರೆ ಎತ್ತಿಡಿ. ನೋವಿನ ನಡುವೆ ಸಾಲಕ್ಕೆ ಫೋನ್ ಮಾಡುವ ಗಂಡನಿಂದ ಯಾವ ತೀರ್ಮಾನವೂ ಸರಿಯಾಗಿ ಆಗುವುದಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರ ಮತ್ತು ದರಪಟ್ಟಿ ಕಾಣುವಂತೆ ತೂಗುಹಾಕಿರಬೇಕು. ಗೋಡೆ ನೋಡಿ.

7. ನಿಮ್ಮ ಬಯಕೆಯನ್ನು ಒಂದು ಪುಟದಲ್ಲಿ ಬರೆಯಿರಿ

ಐದಾರು ಸಾಲು, ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ. ಮಾದರಿ ಇಲ್ಲಿದೆ: "ನೋವು ತಾನಾಗಿ ಬರುವವರೆಗೆ ಕಾಯಲು ಇಷ್ಟ. ನನ್ನ ಅಕ್ಕ ಜೊತೆಗಿರಲಿ. ಓಡಾಡಲು ಬಿಡಿ. ಡ್ರಿಪ್ ಅಥವಾ ಕೊಯ್ಯುವುದು ಅಗತ್ಯವಾದರೆ ಮೊದಲು ನನಗೆ ಹೇಳಿ. ಮಗುವನ್ನು ಎದೆಯ ಮೇಲೆ ಕೊಡಿ. ನನಗಾಗಲಿ ಮಗುವಿಗಾಗಲಿ ಅಪಾಯವೆಂದು ಕಂಡರೆ ನಿಮ್ಮ ತೀರ್ಮಾನಕ್ಕೆ ಒಪ್ಪಿಗೆ ಇದೆ." ಕೊನೆಯ ವಾಕ್ಯವನ್ನು ಬಿಡಬೇಡಿ, ಅದಿಲ್ಲದ ಕಾಗದವನ್ನು ಓದಿದ ವೈದ್ಯರು ನಿಮ್ಮನ್ನು ಜಗಳಗಂಟಿ ಎಂದುಕೊಳ್ಳುತ್ತಾರೆ. ಎಂಟನೇ ತಿಂಗಳಿನ ತಪಾಸಣೆಯಲ್ಲಿ ತೋರಿಸಿ, ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಲು ಹೇಳಿ.

8. ಮನೆಯವರನ್ನು ತಯಾರು ಮಾಡಿ

ನಾನು ನೋಡಿದಂತೆ ಎಷ್ಟೋ ಸಹಜ ಹೆರಿಗೆಗಳು ಕೈತಪ್ಪುವುದು ಲೇಬರ್ ರೂಮಿನ ಹೊರಗಿನ ಬೆಂಚಿನ ಮೇಲೆ. ಒಳಗಿನಿಂದ ಕೂಗು ಕೇಳುತ್ತದೆ, ತಾಯಿಯ ಕರುಳು ಹಿಂಡುತ್ತದೆ, "ಡಾಕ್ಟರೇ, ನಮ್ಮ ಹುಡುಗಿ ಒದ್ದಾಡುವುದನ್ನು ನೋಡಲಾಗುವುದಿಲ್ಲ, ಆಪರೇಷನ್ ಮಾಡಿಬಿಡಿ" ಎನ್ನುತ್ತಾರೆ. ಮೂರನೇ ಸಲ ಹೇಳಿದಾಗ ವೈದ್ಯರೂ ಒಪ್ಪುತ್ತಾರೆ. ಏನಾದರೂ ಆದರೆ ಬೆಂಚಿನವರೇ ಗಲಾಟೆ ಮಾಡುವರೆಂದು ಅವರಿಗೆ ಗೊತ್ತು. ಜೊತೆಗೆ ಒಳಗೆ ಬರುವವರು ಯಾರು, ಹೊರಗೆ ಮಾತನಾಡುವವರು ಯಾರು ಎಂದು ಮೊದಲೇ ಹಂಚಿ. ಅಳುವ ಸ್ವಭಾವದವರು ಮನೆಯಲ್ಲಿ ಬಾಣಂತಿ ಕೋಣೆ ಸಿದ್ಧಮಾಡಲಿ. ಒಳಗೆ ಬರಲು ಹೆತ್ತ ಅನುಭವವಿರುವ, ಧೈರ್ಯಸ್ಥ ಅಕ್ಕನೋ ಚಿಕ್ಕಮ್ಮನೋ ಸರಿ. ಗಂಡ ಬರುವುದನ್ನು ಒಪ್ಪುವ ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು, ಆತ ಗಟ್ಟಿಗನಾಗಿದ್ದರೆ.

ಇನ್ನು ಮುಹೂರ್ತ. ಅಮಾವಾಸ್ಯೆ ತಪ್ಪಿಸಲು, ಮೂಲಾ ನಕ್ಷತ್ರ ತಪ್ಪಿಸಲು ಎರಡು ದಿನ ಮೊದಲೇ ಕೊಯ್ಯಿಸುವುದು ಈಚೆಗೆ ಹೆಚ್ಚಿದೆ. ನೋವು ತಾನಾಗಿ ಬರಲಿ ಎಂದು ಆಸ್ಪತ್ರೆ ಹುಡುಕುವ ಕುಟುಂಬವೇ ಪಂಚಾಂಗ ಹಿಡಿದು ವೈದ್ಯರ ಮುಂದೆ ಕುಳಿತರೆ ಈ ಲೇಖನದ ಮೊದಲ ಏಳು ಹಂತ ವ್ಯರ್ಥ. ನೋವು ಬರಲೆಂದು ಹರಳೆಣ್ಣೆ ಕುಡಿಸುವುದೂ ಬೇಡ.

9. ಎರಡನೇ ಆಸ್ಪತ್ರೆ ಮತ್ತು ಹೊರಡುವ ಹೊತ್ತು

ಆರಿಸಿದ ಕಡೆ ಹಾಸಿಗೆ ಇಲ್ಲದಿದ್ದರೆ, ವೈದ್ಯೆ ರಜೆಯಲ್ಲಿದ್ದರೆ ಎಲ್ಲಿಗೆ ಎಂದು ಒಂದು ಹೆಸರು ಬರೆದಿಡಿ. ಅದು ದೊಡ್ಡ ಆಸ್ಪತ್ರೆಯೇ ಆಗಿರಲಿ. ಪರಿಚಯದ ಚಾಲಕರೊಬ್ಬರ ಮೊಬೈಲ್ ಸಂಖ್ಯೆ, 108 ಆಂಬುಲೆನ್ಸ್, ಸಲಹೆಗೆ 104 ಆರೋಗ್ಯ ಸಹಾಯವಾಣಿ: ಮೂರೂ ಬಾಗಿಲ ಹಿಂದೆ ಅಂಟಿಸಿ.

ಮೊದಲ ಹೆರಿಗೆಯವರು ಬೇಗ ಹೋಗಿ ದಾಖಲಾಗುವುದು ದೊಡ್ಡ ತಪ್ಪು. ಹಗುರ ನೋವಿಗೇ ಹೋದರೆ ಹಾಸಿಗೆ, ಹಾಸಿಗೆಗೆ ಡ್ರಿಪ್, ಡ್ರಿಪ್ಪಿಗೆ ಆತುರ, ಹೀಗೆ ಒಂದರ ಬಾಲ ಇನ್ನೊಂದು ಹಿಡಿಯುತ್ತದೆ. ಐದು ನಿಮಿಷಕ್ಕೊಮ್ಮೆ, ಪ್ರತಿ ಸಲವೂ ಹೆಚ್ಚುಕಡಿಮೆ ಒಂದು ನಿಮಿಷ, ಹೀಗೆ ಒಂದು ಗಂಟೆ ನೋವು ಬಂದಾಗ ಹೊರಡಿ. ಎರಡನೇ ಹೆರಿಗೆಯವರೂ, ಹಳ್ಳಿಯಿಂದ ದೂರ ಬರಬೇಕಾದವರೂ ಅದಕ್ಕೆ ಮೊದಲೇ ಹೊರಡಬೇಕು. ಹಿಂದೆ ಸಿಸೇರಿಯನ್ ಆಗಿದ್ದರೆ ನೋವು ಶುರುವಾದ ಕೂಡಲೇ.

ಇವು ಕಂಡರೆ ಗಡಿಯಾರ ನೋಡದೆ ಹೊರಡಿ: ರಕ್ತಸ್ರಾವ, ನೀರು ಒಡೆದದ್ದು, ಅದರಲ್ಲೂ ಹಸಿರು ಅಥವಾ ಕಂದು ಬಣ್ಣದ ನೀರು, ಮಗುವಿನ ಮಿಸುಕಾಟ ಕಡಿಮೆಯಾದದ್ದು, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಜ್ವರ, 37 ವಾರಕ್ಕೆ ಮೊದಲೇ ನೋವು.

ಇಷ್ಟೆಲ್ಲ ಮಾಡಿಯೂ ಕೊನೆಗೆ ಆಪರೇಷನ್ನೇ ಆಗಬಹುದು. ಆಗಲೂ ಕೇಳಲು ಎರಡು ಉಳಿದಿವೆ: ಬೆನ್ನಿಗೆ ಚುಚ್ಚುಮದ್ದು ಕೊಟ್ಟಿದ್ದು ನೀವು ಎಚ್ಚರವಾಗಿದ್ದರೆ ಮಗುವನ್ನು ಅಲ್ಲೇ ಎದೆಗೆ ಕೊಡಿ ಎನ್ನಿ; ಡಿಸ್ಚಾರ್ಜ್ ಚೀಟಿಯಲ್ಲಿ ಕಾರಣವನ್ನೂ ಗರ್ಭಕೋಶ ಕೊಯ್ದ ದಿಕ್ಕನ್ನೂ ಬರೆಸಿಕೊಳ್ಳಿ. ಮುಂದಿನ ಬಸಿರಿನಲ್ಲಿ ಮೊದಲು ಹುಡುಕುವ ಕಾಗದ ಅದೇ. ಈ ಸಲಕ್ಕೆ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ತಾಯಿ ಕಾರ್ಡ್ ಇರಲಿ. ಸೀರೆ, ಹಳೆಯ ಹತ್ತಿಬಟ್ಟೆ, ಬಿಸಿನೀರಿನ ಫ್ಲಾಸ್ಕ್ ಅದರ ಕೆಳಗೆ.